ರಿಪೇರಿ ಬೇಡದ ಸದ್ದು

ಅಂಗಡಿಯ ಒಂದು ಗೋಡೆ ಪೂರ್ತಿ ಕಾರ್ ಸ್ಟೀರಿಯೋಗಳೇ. ನೆಲದಿಂದ ಸೂರಿನವರೆಗೆ ಹಲಗೆ ಬಡಿದು, ಹಲಗೆಯಲ್ಲಿ ಚೌಕಾಕಾರದ ಕಂಡಿಗಳನ್ನು ಕೊರೆದು, ಕಂಡಿಗೊಂದರಂತೆ ಕೂರಿಸಿದ್ದರು. ಎಲ್ಲವೂ ಉರಿಯುತ್ತಿದ್ದವು. ಕೆಲವು ನೀಲಿ, ಕೆಲವು ಕೆಂಪು. ದೊಡ್ಡ ಪರದೆಯವು ಕಡಲಡಿಯ ಮೀನುಗಳನ್ನು ತೋರಿಸುತ್ತಿದ್ದವು. ಒಂದು ಪರದೆಯಿಂದ ಹೊರಟ ಮೀನು ಪಕ್ಕದ ಪರದೆಯಲ್ಲಿ ಈಜಿಕೊಂಡು ಹೋಗುತ್ತಿತ್ತು. ಬಾಗಿಲು ದಾಟಿ ಬಂದ ಗಂಡ, ಹೆಂಡತಿ, ಹೆಂಡತಿಯ ತಮ್ಮ ಮೂವರೂ ಅಲ್ಲೇ ನಿಂತುಬಿಟ್ಟರು.

"ಅಕ್ಕಾ, ಇದು ಅಂಗಡೀನಾ, ವಿಮಾನ ಓಡಿಸೋರ ಕೋಣೇನಾ?" ಎಂದ ಭಾವಮೈದುನ.

ಅಕ್ಕ ಗಂಡನ ಮುಖ ನೋಡುತ್ತಿದ್ದಳು. ಗಂಡ ಗೋಡೆಯನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ, ಕಣ್ಣು ಅರೆ ಮುಚ್ಚಿ, ಅಂಗಡಿಯನ್ನು ಕೇಳುತ್ತಿದ್ದ.

ಅವನು ಒಂದು ದಿನಪತ್ರಿಕೆಯ ಮುದ್ರಣಾಲಯದಲ್ಲಿ ಮಷೀನ್‌ಮನ್. ಅದೇ ಪತ್ರಿಕೆಯಲ್ಲಿ ಹೆಂಡತಿ ಉಪಸಂಪಾದಕಿ. ಅವಳು ತಿದ್ದಿದ್ದನ್ನು ಅವನು ಅಚ್ಚು ಹಾಕುತ್ತಿದ್ದ. ಯಂತ್ರದ ಚೌಕಟ್ಟಿಗೆ ಕಿವಿ ಆನಿಸಿ ಯಾವ ಬೇರಿಂಗ್ ಒಣಗಿದೆ, ಯಾವ ರೋಲರ್ ಓರೆಯಾಗಿದೆ ಎಂದು ಹೇಳಬಲ್ಲವನಾದ್ದರಿಂದ ಅಲ್ಲಿ ಎಲ್ಲರೂ ಅವನನ್ನು ಕಿವಿರಾಯ ಎನ್ನುತ್ತಿದ್ದರು. ಮನೆಯಲ್ಲೂ ಹೆಂಡತಿಗೆ ಸಿಟ್ಟು ಬಂದಾಗ ಅದೇ ಹೆಸರು.

ಅಂಗಡಿಯ ಒಡತಿ ಹಿಂದಿನ ಕೋಣೆಯಿಂದ ಬಂದಳು. ಸ್ಥೂಲ ಮೈ, ಕೂದಲ ಗಂಟಿನಲ್ಲಿ ಸಿಕ್ಕಿಸಿದ ಸ್ಕ್ರೂಡ್ರೈವರ್. ಮಾರುವುದೂ ಅವಳೇ, ಕಾರಿನೊಳಗೆ ನುಗ್ಗಿ ಕೂರಿಸುವುದೂ ಅವಳೇ.

"ಹೇಳಿ ಅಣ್ಣ, ಯಾವ ಗಾಡಿ? ಏನ್ ಬೇಕು?"

ಹೆಂಡತಿಯೇ ಮಾತಾಡಬೇಕೆಂದು ಮನೆಯಲ್ಲಿ ಮೊದಲೇ ಗೊತ್ತು ಮಾಡಿಕೊಂಡಿದ್ದರು. "ಏನೂ ಬರದೇ ಇದ್ದಾಗ ಸದ್ದು ಮಾಡೋ ಸ್ಟೀರಿಯೋ ಬೇಕು" ಎಂದಳು.

"ಏನೂ ಬರದೇ ಇದ್ದಾಗ ಅಂದ್ರೆ?"

"ರೇಡಿಯೋ ತಿರುಗಿಸ್ತೀವಲ್ಲ, ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ಮಧ್ಯೆ ಖಾಲಿ ಜಾಗ ಇರುತ್ತೆ. ಅಲ್ಲಿ ಸೊರ್ ಅಂತ ಬರುತ್ತಲ್ಲ, ಅದು."

"ಅದು ಬರಬಾರದು. ಅಷ್ಟೇ ತಾನೆ?"

"ಬರಬೇಕು."

ಯಾರಾದರೂ ಮೊಬೈಲ್ ಹಿಡಿದು ತಮಾಷೆಗೆ ವಿಡಿಯೋ ಮಾಡುತ್ತಿದ್ದಾರೇನೋ ಎಂದು ಒಡತಿ ಬಾಗಿಲ ಕಡೆ ಇಣುಕಿದಳು. ಯಾರೂ ಇರಲಿಲ್ಲ.

"ಅಕ್ಕಾ, ಆ ಸದ್ದು ಹೋಗ್ಸಿ ಕೊಡಿ ಅಂತ ಊರೆಲ್ಲ ನನ್ನ ಹತ್ರ ಬರುತ್ತೆ. ತಂದುಕೊಡಿ ಅಂತ ಬಂದೋರು ನೀವೇ ಮೊದಲು."

"ಇವರಿಗೆ ನಿದ್ದೆ ಬರೋದು ಅದೊಂದರಲ್ಲೇ" ಎಂದಳು ಹೆಂಡತಿ. ಮುಚ್ಚುಮರೆ ಮಾಡದೆ ಎಲ್ಲವನ್ನೂ ಹೇಳಿದಳು.

ಕಿವಿರಾಯನ ಕಿವಿಯೊಳಗೆ ಶಿಳ್ಳೆ. ಅಚ್ಚಿನ ರೋಟರಿ ಯಂತ್ರ ಓಡುವಾಗ ಕಿವಿಮುಚ್ಚುಗ ಹಾಕಿಕೊಳ್ಳಬೇಕು ಎಂಬುದು ನಿಯಮ. ಹಾಕಿಕೊಂಡರೆ ಯಂತ್ರ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ ಎಂದು ಅವನು ವರ್ಷಾನುಗಟ್ಟಲೆ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಕೆಲಸ ಮಾಡಿದ. ಒಂದು ದಿನ ಯಂತ್ರ ನಿಂತಿತು, ಶಿಳ್ಳೆ ನಿಲ್ಲಲಿಲ್ಲ. ಕಿವಿಯ ವೈದ್ಯೆ ಪರೀಕ್ಷೆ ಮಾಡಿ ನೇರವಾಗಿ ಹೇಳಿದಳು: ಇದನ್ನು ತೆಗೆದುಹಾಕುವ ಔಷಧ ನನ್ನಲ್ಲಿಲ್ಲ. ಪಕ್ಕದಲ್ಲಿ ಹದವಾದ ಇನ್ನೊಂದು ಸದ್ದಿದ್ದರೆ ಇದು ಹಿಂದೆ ಸರಿಯುತ್ತದೆ. ಯಾವ ಸದ್ದು ಎಂದು ನೀವೇ ಹುಡುಕಿಕೊಳ್ಳಬೇಕು.

ಹುಡುಕಿದರು. ಫ್ಯಾನ್ ಹಾಕಿದರು. ಕಿವಿರಾಯ ಸ್ವಲ್ಪ ಹೊತ್ತು ಮಲಗಿದ್ದು ಎದ್ದ, ಏಣಿ ತಂದು ಫ್ಯಾನಿನ ಬೇರಿಂಗಿಗೆ ಎಣ್ಣೆ ಬಿಟ್ಟ. ನಲ್ಲಿಯನ್ನು ಸಣ್ಣಗೆ ತೆರೆದಿಟ್ಟರು. ಎದ್ದು ಹೋಗಿ ವಾಷರ್ ಬದಲಿಸಿದ. ಭಾವಮೈದುನ ಮೊಬೈಲಿನಲ್ಲಿ ಮಳೆ ಸುರಿಯುವ ಸದ್ದು ಹಾಕಿಕೊಟ್ಟ. ಕಿವಿರಾಯ ಕತ್ತಲಲ್ಲಿ ಬೆರಳೆತ್ತಿ, "ಇಲ್ಲಿ ಜೋಡಿಸಿದ್ದಾರೆ" ಎಂದ. ಕಾಗದದ ಒಂದು ಸುರುಳಿ ಮುಗಿದು ಇನ್ನೊಂದಕ್ಕೆ ಅಂಟಿಸಿದ ಜಾಗ ರೋಲರಿನಲ್ಲಿ ಹಾಯುವಾಗ ಅವನಿಗೆ ಕೇಳಿಸುತ್ತಿತ್ತು. ಮಳೆಯೂ ಹಾಗೆಯೇ ಸುತ್ತಿ ಸುತ್ತಿ ಬಂದು ಅದೇ ಜಾಗದಲ್ಲಿ ಅಂಟಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಅವನು ಮಳೆಯನ್ನು ಕೇಳಲಿಲ್ಲ, ಆ ಅಂಟಿಗಾಗಿ ಕಾದ.

"ಇವರನ್ನ ಮಲಗಿಸೋಕೆ ಹೋಗಿ ಮನೇಲಿರೋ ಸಾಮಾನೆಲ್ಲ ರಿಪೇರಿ ಆಯ್ತು" ಎಂದಳು ಹೆಂಡತಿ. "ಇವರು ಮಾತ್ರ ಹಾಗೇ ಉಳಿದ್ರು."

ಕೊನೆಗೆ ಸಿಕ್ಕಿದ್ದು ತಾನಾಗಿಯೇ. ಒಂದು ಬೆಳಗಿನ ಜಾವ ಪಾಳಿ ಮುಗಿಸಿ ಹಳೆಯ ಕಾರಿನಲ್ಲಿ ಬರುವಾಗ ಮೀಡಿಯಂ ವೇವ್‌ನಲ್ಲಿ ಯಾವುದೋ ಕಾರ್ಯಕ್ರಮ ಮುಗಿದು ಸ್ಟೇಷನ್ ಮುಚ್ಚಿತು. ಬರಿಯ ಸೊರಸೊರ ಉಳಿಯಿತು. ಶಿಳ್ಳೆ ಇಲ್ಲ. ತಾನು ಕಿವುಡನಾದೆ ಎಂದುಕೊಂಡು ಕಿವಿರಾಯ ಗಾಬರಿಯಿಂದ ಕಾರು ನಿಲ್ಲಿಸಿದ, ಚಪ್ಪಾಳೆ ತಟ್ಟಿದ. ಚಪ್ಪಾಳೆ ಕೇಳಿಸಿತು. ಮುಚ್ಚಿಹೋದ ಇಟ್ಟಿಗೆ ಗೂಡೊಂದರ ಬಯಲು ಅದು. ಅಲ್ಲೇ ಸೀಟು ಹಿಂದಕ್ಕೆ ಒರಗಿಸಿ ಮಲಗಿ, ಬಿಸಿಲು ಮುಖಕ್ಕೆ ಬಿದ್ದಾಗ ಎದ್ದ. ಅಂದಿನಿಂದ ಪಾಳಿ ಮುಗಿದ ಮೇಲೆ ಅವನ ಮಲಗುವ ಕೋಣೆ ಅದೇ ಬಯಲು, ಅದೇ ಕಾರು. ಮನೆಗೆ ಬಂದು ಬರಿಯ ತಿಂಡಿ ತಿನ್ನುತ್ತಿದ್ದ.

ಆ ಸ್ಟೀರಿಯೋ ಕಳೆದ ತಿಂಗಳು ವೈರು ಸುಟ್ಟ ವಾಸನೆ ಬಿಟ್ಟು ಸತ್ತಿತು. ಬಿಚ್ಚಿ ನೋಡಿದವರೆಲ್ಲ ಆಗದೆಂದು ತಲೆಯಾಡಿಸಿದರು. ನಿದ್ದೆ ಹೋಯಿತು. ಹೋದ ವಾರ ಯಂತ್ರ ಓಡುತ್ತಿದ್ದಾಗಲೇ ಕಿವಿರಾಯ ಸಿಕ್ಕಿಕೊಂಡ ಹಾಳೆಯನ್ನು ಎಳೆಯಲು ರೋಲರುಗಳ ನಡುವೆ ಕೈ ಚಾಚಿದ. ಎದುರಿಗಿದ್ದವನು ಕೆಂಪು ಗುಂಡಿ ಗುದ್ದದೆ ಇದ್ದಿದ್ದರೆ ಕೈ ಇರುತ್ತಿರಲಿಲ್ಲ. ಫೋರ್‌ಮನ್ ಬೈಯಲಿಲ್ಲ. ನಿದ್ದೆ ಮಾಡಿ ಬಾ, ಅಲ್ಲಿಯವರೆಗೆ ಯಂತ್ರದ ಹತ್ತಿರ ಕಾಲಿಡಬೇಡ. ನಿದ್ದೆ ಬರುವುದೇ ಇಲ್ಲ ಅಂದರೆ ಹೇಳು, ಕಾಗದದ ಗೋದಾಮಿಗೆ ಹಾಕುತ್ತೇನೆ ಎಂದ. ಈಜುಗಾರನನ್ನು ದಡದಲ್ಲಿ ಬಟ್ಟೆ ಕಾಯಲು ಕೂರಿಸಿದ ಹಾಗೆ.

ಒಡತಿ ಎಲ್ಲ ಕೇಳಿ ಕೂದಲಿನಿಂದ ಸ್ಕ್ರೂಡ್ರೈವರ್ ತೆಗೆದು ಮತ್ತೆ ಸಿಕ್ಕಿಸಿಕೊಂಡಳು.

"ನೋಡೋಣ" ಎಂದಳು. "ಇಷ್ಟೊಂದರಲ್ಲಿ ಒಂದಾದರೂ ಕೆಟ್ಟದ್ದು ಸಿಗದೇ ಇರುತ್ತಾ?"

ಭಾವಮೈದುನನಿಗೆ ಆಗಲೇ ಒಂದು ಹಿಡಿಸಿತ್ತು. ಗೋಡೆಯ ನಡುಮಧ್ಯದ ದೊಡ್ಡ ಪರದೆಯದು. "ಭಾವ, ಇದನ್ನ ನೋಡಿ. ಬಾಯಲ್ಲಿ ಹೇಳಿದ್ರೆ ಹಾಡು ಹಾಕುತ್ತೆ, ದಾರಿ ತೋರಿಸುತ್ತೆ, ಹಿಂದೆ ಯಾರಿದ್ದಾರೆ ಅಂತ ಕ್ಯಾಮೆರಾದಲ್ಲಿ ಕಾಣುತ್ತೆ."

"ನನ್ನ ಹಿಂದೆ ನಿಮ್ಮಕ್ಕ ಇರ್ತಾಳೆ. ಗೊತ್ತಿರೋದೇ" ಎಂದ ಕಿವಿರಾಯ.

ಒಡತಿ ಆ ಪರದೆಯಲ್ಲಿ ರೇಡಿಯೋ ತೆರೆದು ಖಾಲಿ ಜಾಗಕ್ಕೆ ಸರಿಸಿದಳು. ಏನೂ ಇಲ್ಲ. ಧ್ವನಿ ಪೂರ್ತಿ ಏರಿಸಿದಳು. ಏನೂ ಇಲ್ಲ. ಕಿವಿರಾಯ ಸ್ಪೀಕರಿಗೆ ಕಿವಿ ಹಚ್ಚಿದ. ಬಾವಿಯೊಳಗೆ ಕಲ್ಲು ಹಾಕಿ ಸದ್ದಿಗಾಗಿ ಕಾಯುವವನಂತೆ ಬಹಳ ಹೊತ್ತು ಹಾಗೇ ನಿಂತ.

"ಇಷ್ಟು ನಿಶ್ಶಬ್ದ ನಾನು ಎಲ್ಲೂ ಕೇಳಿಲ್ಲ" ಎಂದ. ಅವನ ದನಿಯಲ್ಲಿ ಗೌರವವಿತ್ತು. "ನನ್ನ ಶಿಳ್ಳೆ ಮಾತ್ರ ಮೆರವಣಿಗೆ ಹೊರಟ ಹಾಗಿದೆ."

"ಇದಕ್ಕೆ ಮೀಡಿಯಂ ವೇವೇ ಇಲ್ಲ ಅಣ್ಣ, ಎಫ್‌ಎಂ ಒಂದೇ" ಎಂದಳು ಒಡತಿ. "ಅದರಲ್ಲೂ ಬರ್ತಾ ಇರೋದು ಸ್ಟೇಷನ್ನಾ ಅಲ್ವಾ ಅಂತ ಇದೇ ಅಳೆದು ನೋಡುತ್ತೆ. ಅಲ್ಲ ಅನ್ನಿಸಿದ್ರೆ ಬಾಯಿ ಮುಚ್ಚಿಕೊಳ್ಳುತ್ತೆ."

"ಯಾವುದು ಕೇಳೋಕೆ ಯೋಗ್ಯ ಅಂತ ಅದೇ ತೀರ್ಮಾನ ಮಾಡುತ್ತಾ?" ಉಪಸಂಪಾದಕಿ ಪರದೆಯನ್ನು ಹೊಸದಾಗಿ ನೋಡಿದಳು. "ನಮ್ಮ ಕೆಲಸ ಅದು. ನಾವು ಅಷ್ಟು ಚೆನ್ನಾಗಿ ಮಾಡಲ್ಲ."

ಒಂದಾದ ಮೇಲೊಂದು ಕೇಳುತ್ತಾ ಹೋದರು. ದುಬಾರಿಯವು ಮೂಕ. ಮಧ್ಯಮ ದರ್ಜೆಯವು ಖಾಲಿ ಜಾಗ ಬಂದೊಡನೆ ಒಂದು ಉಸಿರು ಬಿಟ್ಟು ಹಿಂದೆ ಸರಿಯುತ್ತಿದ್ದವು. "ಕಂಬಳಿ ಹೊದಿಸಿದ ಹಾಗೆ" ಎಂದ ಕಿವಿರಾಯ. ಒಂದು ಕೆಂಪು ದೀಪದ್ದು ಸದ್ದೇನೋ ಮಾಡಿತು, ಆದರೆ ಅದರ ಅಡಿಯಲ್ಲಿ ಅದರದೇ ಒಳಗಿನ ಏನೋ ಟಿಕಟಿಕ ಅನ್ನುತ್ತಿತ್ತು. ಅವನು ಅದರ ಮುಚ್ಚಳ ಬಿಚ್ಚಲು ಸ್ಕ್ರೂ ಹುಡುಕತೊಡಗಿದಾಗ ಹೆಂಡತಿ ಕೈ ಹಿಡಿದು ಎಳೆದಳು. ಒಡತಿಗೂ ಈಗ ಆಟ ಹಿಡಿಸಿತ್ತು. ಗಿರಾಕಿಗಳಿಗೆ ತೋರಿಸಲು ನಾಚುತ್ತಿದ್ದ ಡಬ್ಬಿಗಳನ್ನೆಲ್ಲ ಒಳಗಿನಿಂದ ಹೊತ್ತು ತಂದಳು. ಕಂಪನಿ ಹೆಸರೇ ಇಲ್ಲದ್ದು, ಗುಂಡಿಗಳ ಮೇಲಿನ ಅಕ್ಷರ ತಿರುಗಾಮುರುಗಾ ಅಚ್ಚಾದದ್ದು.

ಗೋಡೆಯ ಕೆಳಸಾಲಿನಲ್ಲಿ, ನೆಲಕ್ಕೆ ಒಂದು ಗೇಣು ಮೇಲೆ ಇನ್ನೊಂದಿತ್ತು. ಪರದೆ ಇಲ್ಲ, ಬೆರಳಗಲದ ಕಿಂಡಿಯಲ್ಲಿ ಅಂಕಿಗಳು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗುಂಡು ತಿರುಗಣೆ. ಮೀಡಿಯಂ ವೇವ್ ಇತ್ತು. "ದೂರದ ದಾರಿ ಲಾರಿಯವರು ಕೇಳ್ತಾರೆ ಅಂತ ಇಟ್ಟಿದ್ದೆ" ಎಂದು ಒಡತಿ ಮಂಡಿಯೂರಿ ತಿರುಗಿಸಿದಳು.

ಸದ್ದು ಹೊರಗೆ ಬಂತು. ಕಾದ ಬಾಣಲೆಗೆ ನೀರು ಚೆಲ್ಲಿದಂತೆ ಅಂಗಡಿ ತುಂಬ.

"ಸಿಕ್ತು!" ಎಂದು ಭಾವಮೈದುನ ಕೈ ಎತ್ತಿದ.

ಕಿವಿರಾಯ ನೆಲದ ಮೇಲೆ ಕೂತ. ತಲೆ ಓರೆ ಮಾಡಿದ. "ಇದರೊಳಗೆ ಏನೋ ಓಡ್ತಾ ಇದೆ" ಎಂದ ಅವನು.

"ಏನ್ ಓಡುತ್ತೆ ಅಣ್ಣ? ಬರೀ ಸೊರಸೊರ."

ಅವನು ಬಾಯಿ ಮುಚ್ಚಿ ಗಂಟಲಲ್ಲೇ ಒಂದು ಗುಂಯ್ಕಾರ ಹೊರಡಿಸಿದ. ಸಮನಾದ, ಮೊಂಡು ಗುಂಯ್ಕಾರ. ಅದನ್ನು ಕೇಳಿದ ಮೇಲೆ ಉಳಿದವರಿಗೂ ಸೊರಸೊರದ ಅಡಿಯಲ್ಲಿ ಅದು ಕೇಳಿಸಿತು.

"ಅಯ್ಯೋ ಹೌದು" ಎಂದಳು ಒಡತಿ. "ಒಳ್ಳೆ ಕೆಲಸ ಮಾಡಿದ್ರಿ. ಇನ್ನು ಮೇಲೆ ಇದು ನನಗೂ ಕೇಳ್ತಾನೇ ಇರುತ್ತೆ." ಅವಳು ತಲೆಯೆತ್ತಿ ಸೂರು ನೋಡಿದಳು. "ನನ್ನ ದೀಪಗಳೇ ಇರಬೇಕು. ತಾಳಿ."

ಅವಳು ಬಾಗಿಲ ಬಳಿಯ ಸ್ವಿಚ್ಚುಗಳ ಹಲಗೆಗೆ ಹೋದಳು. ಸೂರಿನ ಮೊದಲ ಸಾಲು ಆರಿತು. ಗುಂಯ್ಕಾರದ ಒಂದು ಎಳೆ ಕಡಿಮೆಯಾಯಿತು. ಅದು ಹೋದ ಮೇಲೆಯೇ ಅದಿತ್ತೆಂದು ತಿಳಿದದ್ದು. ಎರಡನೆಯ ಸಾಲು ಆರಿತು, ಇನ್ನೊಂದು ಎಳೆ. ಹೊರಗಿನ ನಾಮಫಲಕ ಆರಿಸಿದಾಗ ಭುಜದ ಮೇಲಿನ ಮೂಟೆ ಇಳಿಸಿದಂತಾಯಿತು. ಆಮೇಲೆ ಗೋಡೆ. ಒಂದೊಂದು ಸಾಲು ಆರುತ್ತಾ ಬಂದಂತೆ ಮೀನುಗಳು ನಿಂತಲ್ಲೇ ಮಾಯವಾದವು, ನೀಲಿ ಹೋಯಿತು, ಕೆಂಪು ಹೋಯಿತು. ಪ್ರತಿ ಸಾಲಿನ ಜೊತೆಗೂ ಸದ್ದಿನಿಂದ ಒಂದು ಪೊರೆ ಕಳಚಿತು. ಭಾವಮೈದುನ ತಾನಾಗಿಯೇ ಹೋಗಿ ಮೇಜಿನ ಮೇಲಿನ ಮೊಬೈಲ್ ಚಾರ್ಜರ್ ಕಿತ್ತ. ಕರಕರ ಎನ್ನುತ್ತಿದ್ದ ಇನ್ನೊಂದು ಸದ್ದು ನಿಂತಿತು. ಅವನು ಚಾರ್ಜರನ್ನು ಅಂಗೈಯಲ್ಲಿಟ್ಟು, ಜೀವವಿರುವ ಹುಳುವನ್ನು ನೋಡುವಂತೆ ನೋಡಿದ.

ಹಗಲಿನಲ್ಲೂ ಅಂಗಡಿ ಮಬ್ಬಾಯಿತು. ಕೆಳಗಿನ ಆ ಪುಟ್ಟ ಕಿಂಡಿಯ ಅಂಕಿಗಳು ಮಾತ್ರ ಉರಿಯುತ್ತಿದ್ದವು. ನಾಲ್ವರೂ ಅದರ ಸುತ್ತ ನೆಲದ ಮೇಲೆ ಕೂತಿದ್ದರು.

"ಈಗ?"

"ಮುಕ್ಕಾಲು ಹೋಯ್ತು" ಎಂದ ಕಿವಿರಾಯ. "ಇನ್ನೂ ಒಂದು ಓಡ್ತಾ ಇದೆ. ಗೋಡೆ ಆಚೆ."

"ಪಕ್ಕದ ಕನ್ನಡಕದಂಗಡಿಯ ಬೋರ್ಡು. ಹೋಗಿ ಆರಿಸೋಕೆ ಹೇಳ್ಲಾ?" ಎಂದ ಭಾವಮೈದುನ.

"ಅದು ಆದ ಮೇಲೆ ಅದರ ಪಕ್ಕದ್ದು" ಎಂದಳು ಅಕ್ಕ. "ಆಮೇಲೆ ಬೀದಿ. ಆಮೇಲೆ ಊರು. ಎಲ್ಲರ ಮನೆ ಕರೆಗಂಟೆ ಒತ್ತಿಕೊಂಡು ಹೋಗು."

ಒಡತಿ ಇಷ್ಟು ವರ್ಷ ಈ ಗದ್ದಲದ ನಡುವೆ ಕೂತು, ತಾನು ಸದ್ದಿನ ವ್ಯಾಪಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಊರಿನ ಪ್ರತಿ ದೀಪ, ಪ್ರತಿ ಬೋರ್ಡು, ಪ್ರತಿ ಚಾರ್ಜರು ಗೋಡೆ ದಾಟಿ ಬಂದು ತನ್ನ ಅಂಗಡಿಯಲ್ಲಿ ಗುನುಗುತ್ತಿತ್ತು ಎಂಬುದು ಅವಳಿಗೆ ಈಗ ತಿಳಿಯಿತು. ಅವಳು ಎದ್ದು ಸೆರಗು ಕೊಡವಿಕೊಂಡಳು.

"ನಡೀರಿ. ಆ ಇಟ್ಟಿಗೆ ಗೂಡಿಗೇ ಹೋಗಿ ಕೇಳೋಣ."

"ಅಂಗಡಿ?"

"ಎಲ್ಲಾ ಆರಿಸಿ ಆಗಿದೆ. ಇನ್ನು ಬೀಗ ಹಾಕೋದೊಂದೇ ತಾನೆ?"

ಅವಳು ಆ ಸ್ಟೀರಿಯೋವನ್ನು ಕಂಡಿಯಿಂದ ಬಿಚ್ಚಿ, ಕಾರಿನಲ್ಲಿ ಹಳೆಯದಿದ್ದ ಜಾಗದಿಂದ ವೈರುಗಳನ್ನು ಹೊರಗೆಳೆದು ತಾತ್ಕಾಲಿಕವಾಗಿ ಜೋಡಿಸಿದಳು. ಸ್ಕ್ರೂ ಹಾಕಲಿಲ್ಲ, ಹಿಡಿಸಿದರೆ ಆಮೇಲೆ ಎಂದಳು. ನಿದ್ದೆಗೆಟ್ಟ ಕಿವಿರಾಯನಿಗೆ ಸ್ಟೀರಿಂಗ್ ಕೊಡುವಂತಿರಲಿಲ್ಲ. ಭಾವಮೈದುನ ಓಡಿಸಿದ. ಕಿವಿರಾಯ ಪಕ್ಕದಲ್ಲಿ ಕೂತು, ವೈರುಗಳ ಬಾಲವಿದ್ದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡ. ಹೆಂಗಸರಿಬ್ಬರೂ ಹಿಂದೆ.

ಊರು ದಾಟುವವರೆಗೆ ಸದ್ದು ಒಂದು ಗಳಿಗೆ ಒಂದೇ ಥರ ಇರಲಿಲ್ಲ. ಸಿಗ್ನಲ್ ಕಂಬದ ಬಳಿ ಕೀರಲು, ಬ್ಯಾಂಕಿನ ಮುಂದೆ ಕರಕರ, ಆಸ್ಪತ್ರೆಯ ಗೋಡೆಯುದ್ದಕ್ಕೂ ಜೇನುಗೂಡು. ಭಾವಮೈದುನ ವೇಗ ಹೆಚ್ಚಿಸಿದರೆ ಎಂಜಿನಿನ ಕೊರಗು ಅದರಲ್ಲಿ ಏರುತ್ತಿತ್ತು. ಊರಾಚೆ ದೊಡ್ಡ ವಿದ್ಯುತ್ ಗೋಪುರಗಳ ಸಾಲು ರಸ್ತೆಯನ್ನು ಅಡ್ಡ ಹಾಯುವಲ್ಲಿ ಗುಂಯ್ಕಾರ ದೂರದಿಂದಲೇ ಎದ್ದು, ತಂತಿಗಳ ಕೆಳಗೆ ಮಾತು ಕೇಳದಷ್ಟಾಗಿ, ಹಿಂದೆ ಬಿದ್ದಿತು. ಒಡತಿ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಿಂದ ತಂತಿಗಳನ್ನು ನೋಡಿದಳು. "ದಿನಾ ಇದರ ಕೆಳಗೇ ಓಡಾಡ್ತೀವಿ" ಎಂದಳು.

ಇಟ್ಟಿಗೆ ಗೂಡಿನ ಬಯಲು ತಲುಪಿದಾಗ ಸೂರ್ಯ ಕೆಳಗಿಳಿಯುತ್ತಿದ್ದ. ಕುಸಿದ ಗೂಡು, ಹುಲ್ಲು ಬೆಳೆದ ಇಟ್ಟಿಗೆ ರಾಶಿಗಳು, ಸಮತಟ್ಟಾದ ಕೆಂಪು ನೆಲ. ಸುತ್ತ ಒಂದು ದೀಪದ ಕಂಬವೂ ಇಲ್ಲ. ಭಾವಮೈದುನ ಎಂಜಿನ್ ಆರಿಸಿದ.

ಆಗ ಸದ್ದು ಒಂದೇ ಉಳಿಯಿತು. ತೆಳುವಾಗಿತ್ತು. ನುಣ್ಣಗಿತ್ತು. ನಡುವೆ ಅಲ್ಲಲ್ಲಿ ಒಣ ಕಡ್ಡಿ ಮುರಿದಂತೆ ಸಣ್ಣ ಸಿಡಿತ.

ಕಿವಿರಾಯ ಕಣ್ಣು ಮುಚ್ಚಿದ. ಅವನ ಹುಬ್ಬುಗಳ ನಡುವೆ ಯಂತ್ರದ ಮುಂದೆ ನಿಂತಾಗ ಬೀಳುವ ಗೆರೆ ಬಿದ್ದಿತ್ತು. ಹೆಂಡತಿಗೆ ಆ ಗೆರೆ ಗೊತ್ತು. ಅದು ತಪ್ಪು ಹುಡುಕುವ ಗೆರೆ. ಫ್ಯಾನಿನ ಕೆಳಗೆ, ನಲ್ಲಿಯ ಪಕ್ಕದಲ್ಲಿ, ಮೊಬೈಲಿನ ಮಳೆಯಲ್ಲಿ ಅವಳು ಅದನ್ನು ಕಂಡಿದ್ದಳು. ಪ್ರತಿ ಸಲವೂ ಅದರ ಬೆನ್ನಿಗೆ ಅವನು ಎದ್ದು ಹೋಗಿದ್ದ.

"ಏನೂ ಇಲ್ಲ" ಎಂದ ಅವನು.

ಹೆಂಡತಿ ಮುಂದಿನ ಸೀಟನ್ನು ಹಿಡಿದಳು. "ಆಗಲ್ವಾ ಇದೂ?"

"ಅಲ್ಲ. ಏನೂ ಓಡ್ತಾ ಇಲ್ಲ ಇದರಲ್ಲಿ. ಹುಡುಕ್ತಾ ಇದೀನಿ. ಎಲ್ಲೂ ಸುತ್ತಿ ಬರ್ತಾ ಇಲ್ಲ. ಜೋಡಿಸಿಲ್ಲ. ತೂಕ ತಪ್ಪಿಲ್ಲ." ಗೆರೆ ಮೆಲ್ಲಗೆ ಬಿಡಿಸಿಕೊಂಡಿತು. "ರಿಪೇರಿ ಮಾಡೋಕೆ ಏನೂ ಇಲ್ಲ ಕಣೇ."

"ಶಿಳ್ಳೆ?"

"ಇದೆಯೋ ಏನೋ. ಅದನ್ನ ನೋಡೋಕೆ ಪುರಸೊತ್ತಾಗ್ಲಿಲ್ಲ."

ಒಡತಿಗೆ ಮಾತ್ರ ಸಮಾಧಾನವಿರಲಿಲ್ಲ. "ಒಂದು ಕೇಳ್ತೀನಿ" ಎಂದಳು. "ಊರಿನ ಸದ್ದೆಲ್ಲ ಹಿಂದೆ ಬಿಟ್ಟು ಬಂದ್ವಿ. ಎಂಜಿನ್ನೂ ಆರಿಸಿದ್ವಿ. ಹಾಗಾದ್ರೆ ಇದು ಎಲ್ಲಿಂದ ಬರ್ತಾ ಇದೆ? ಪೆಟ್ಟಿಗೆಯ ಹೊಟ್ಟೆಯಿಂದ್ಲಾ?"

ಭಾವಮೈದುನ ಇಳಿದು ಹೋಗಿ ಕಾರಿನ ನೆತ್ತಿಯ ಆಂಟೆನಾ ಕಡ್ಡಿಯನ್ನು ತಿರುಗಿಸಿ ಕಳಚಿದ. ಸದ್ದು ಕುಗ್ಗಿ, ಬಡಕಲಾಗಿ, ಬರಿಯ ಒಂದು ಪಿಸುಗು ಉಳಿಯಿತು. ಸಿಡಿತಗಳು ನಿಂತವು. ಕಡ್ಡಿ ಮತ್ತೆ ಸಿಕ್ಕಿಸಿದ. ಸದ್ದು ಕಾರಿನೊಳಗೆ ಮರಳಿ ತುಂಬಿಕೊಂಡಿತು. ಇನ್ನೊಮ್ಮೆ ತೆಗೆದ, ಇನ್ನೊಮ್ಮೆ ಹಾಕಿದ. ಆಮೇಲೆ ಕಡ್ಡಿಯ ತುದಿಯಿಂದ ಮೇಲೆ, ಖಾಲಿ ಆಕಾಶಕ್ಕೆ ಕಣ್ಣು ಹಾಯಿಸಿ ನಿಂತುಬಿಟ್ಟ.

"ಅಕ್ಕಾ, ಹೊರಗಿಂದ ಬರ್ತಾ ಇದೆ. ಇಲ್ಲಿ ಏನಿದೆ?"

"ಮಿಂಚು" ಎಂದಳು ಉಪಸಂಪಾದಕಿ.

ಎಲ್ಲರೂ ಅವಳ ಕಡೆ ತಿರುಗಿದರು. ಆಕಾಶ ತಿಳಿಯಾಗಿತ್ತು.

"ಇಲ್ಲಿದಲ್ಲ. ಹವಾಮಾನದ ಬಗ್ಗೆ ಒಂದು ಲೇಖನ ನನ್ನ ಕೈಗೆ ಬಂದಿತ್ತು, ಎರಡು ದಿನ ಅದರ ಜೊತೆ ಗುದ್ದಾಡಿದ್ದೆ. ಭೂಮಿ ಮೇಲೆ ಎಲ್ಲೋ ಒಂದು ಕಡೆ ಯಾವಾಗಲೂ ಗುಡುಗು ಮಳೆ ಇದ್ದೇ ಇರುತ್ತಂತೆ. ಒಂದೊಂದು ಮಿಂಚೂ ರೇಡಿಯೋ ಅಲೆ ಎಬ್ಬಿಸುತ್ತೆ. ದೂರದಿಂದ ಬರ್ತಾ ಬರ್ತಾ ಅವೆಲ್ಲ ಕಲಸಿಕೊಂಡು ಹೀಗೆ ಸೊರಸೊರ ಆಗುತ್ತೆ."

"ಎಷ್ಟು ಮಿಂಚು?" ಎಂದಳು ಒಡತಿ.

"ಬರೆದವರು ಸೆಕೆಂಡಿಗೆ ನೂರು ಅಂತ ಬರೆದಿದ್ರು. ಅದು ಹಳೇ ಅಂದಾಜು. ಉಪಗ್ರಹದಿಂದ ಎಣಿಸಿದ ಮೇಲೆ ನಲವತ್ತು ಚಿಲ್ಲರೆ ಅಂತಾರೆ. ನಾನು ತಿದ್ದಿದೆ. ಆಮೇಲೆ ಇನ್ನೊಂದು ಮಾತು: ಇಲ್ಲಿ ಕೇಳ್ತಾ ಇರೋದೆಲ್ಲಾ ಮಿಂಚೇ ಅಂತ ನಾನು ಬರೆದುಕೊಡಲ್ಲ. ಸ್ವಲ್ಪ ಈ ಪೆಟ್ಟಿಗೇದೇ. ನೋಡಿದ್ರಲ್ಲ, ಆಂಟೆನಾ ತೆಗೆದಾಗ ಉಳೀತಲ್ಲ, ಅದು. ಮಿಕ್ಕಿದ್ದರಲ್ಲಿ ಬಹುಪಾಲು ಮಿಂಚು ಅನ್ನಬಹುದು."

"ನಲವತ್ತು" ಎಂದಳು ಒಡತಿ. "ನಾನು ಈಗ ನಲವತ್ತು ಅನ್ನೋದರೊಳಗೆ ನಲವತ್ತು."

ಕಿವಿರಾಯ ಕಣ್ಣು ತೆರೆದಿದ್ದ. "ಬೆಳಿಗ್ಗೆ ಹೊತ್ತು ಏರಿದ ಹಾಗೆ ಸದ್ದು ಸಣ್ಣ ಆಗೋದು. ಸೆಟ್ಟು ಬಿಸಿಯಾಗ್ತಾ ಇದೆ ಅಂದುಕೊಂಡಿದ್ದೆ."

"ಅದು ಸೆಟ್ಟಲ್ಲ, ಸೂರ್ಯ. ಹಗಲು ಹೊತ್ತು ಆಕಾಶದಲ್ಲಿ ಒಂದು ಪದರ ಈ ಅಲೆಗಳನ್ನ ನುಂಗಿಬಿಡುತ್ತೆ. ಬಿಸಿಲು ಹೋದ್ರೆ ಆ ಪದರ ಕರಗುತ್ತೆ. ಆಗ ದೂರದ್ದೆಲ್ಲ ಬರೋಕೆ ಶುರು ಆಗುತ್ತೆ."

ಅವಳು ಅದನ್ನು ಅಚ್ಚಿನಲ್ಲಿ ಓದಿದ್ದಳು, ತಿದ್ದಿದ್ದಳು, ಒಂದು ಕಾಲಮ್ಮಿಗೆ ಹೊಂದಿಸಿ ಕಳುಹಿಸಿ ಮರೆತಿದ್ದಳು. ಈಗ ಅದು ಅವಳ ಮುಂದೆ ನಡೆಯಿತು. ಸೂರ್ಯ ಇಟ್ಟಿಗೆ ರಾಶಿಯ ಹಿಂದೆ ಇಳಿದ. ಯಾರೂ ತಿರುಗಣೆ ಮುಟ್ಟಲಿಲ್ಲ, ಧ್ವನಿ ಏರಿಸಲಿಲ್ಲ. ಆದರೂ ತೆಳುವಾಗಿದ್ದ ಸದ್ದು ಮೆಲ್ಲಗೆ ಮೈ ತುಂಬಿಕೊಳ್ಳತೊಡಗಿತು. ಕೆರೆಗೆ ನೀರು ಬರುವಾಗ ಎಲ್ಲಿಂದ ಬಂತೆಂದು ಕಾಣದೆ ಮಟ್ಟ ಮಾತ್ರ ಏರುವ ಹಾಗೆ. ಸಿಡಿತಗಳು ಹೆಚ್ಚಿದವು, ದಪ್ಪವಾದವು. ಬಯಲಿನ ಕೆಂಪು ಬೂದಿಯಾಯಿತು. ಎಲ್ಲೋ ದೂರದ ಕಡಲ ಮೇಲೆ, ಹೆಸರು ಗೊತ್ತಿಲ್ಲದ ಕಾಡುಗಳ ಮೇಲೆ, ಇನ್ನೊಬ್ಬರ ಮಧ್ಯಾಹ್ನದಲ್ಲಿ ಸುರಿಯುತ್ತಿದ್ದ ಮಳೆಗಳು ಒಂದೊಂದಾಗಿ ಈ ಹಳೆಯ ಕಾರಿನೊಳಗೆ ಬಂದು ಸೇರುತ್ತಿದ್ದವು. ಲೇಖನದಲ್ಲಿ ತಾನು ಹೊಡೆದುಹಾಕಿದ್ದ ಒಂದು ಮಾತು ಅವಳಿಗೆ ನೆನಪಾಯಿತು: 'ಅದ್ಭುತ'. ಸುದ್ದಿ ಬರಹಕ್ಕೆ ಹೊಂದುವುದಿಲ್ಲ ಎಂದು ಕಿತ್ತಿದ್ದಳು. ಹೊಂದುವುದಿಲ್ಲ ಎಂದೇ ಈಗಲೂ ಅನ್ನಿಸಿತು. ಆ ಮಾತು ಸಾಲುತ್ತಿರಲಿಲ್ಲ.

"ಅಷ್ಟೊಂದು ಓಡಿಸ್ತಾ ಇದ್ದರೂ ಒಂದು ಬೇರಿಂಗೂ ಕಿರುಗುಟ್ಟಲ್ಲ" ಎಂದ ಕಿವಿರಾಯ. "ಎಣ್ಣೆ ಹಾಕೋರು ಯಾರೇ?"

"ರೀ."

"ಅಲ್ಲ, ಯಾರಾದ್ರೂ ಇದ್ರೆ ಕೈ ಮುಗಿಯೋಣ ಅಂತ."

ಅಷ್ಟರಲ್ಲಿ ಸೊರಸೊರದ ಆಳದಿಂದ ಒಂದು ಹೆಣ್ಣು ದನಿ ತೇಲಿಬಂತು. ಯಾರಿಗೂ ತಿಳಿಯದ ಭಾಷೆ. ಏನನ್ನೋ ಓದಿ ಹೇಳುತ್ತಿರುವ ಧಾಟಿ. ಕತ್ತಲಾದರೆ ದೂರದ ಸ್ಟೇಷನ್ನುಗಳೂ ಬರುತ್ತವೆ ಎಂದಳು ಹೆಂಡತಿ. ಆ ದನಿ ಯಾವ ದೇಶದ್ದೋ, ಅಲೆಯಂತೆ ಎದ್ದು ಬಿದ್ದು ಎದ್ದಿತು. ಒಡತಿ ಹಿಂದಿನ ಸೀಟಿನಿಂದ ಬಾಗಿ, ಕಿವಿರಾಯನ ಭುಜದ ಮೇಲಿಂದ ಕೈ ಚಾಚಿ, ತಿರುಗಣೆಯನ್ನು ಒಂದು ಕೂದಲೆಳೆ ಸರಿಸಿದಳು. ದನಿ ಮುಳುಗಿತು. ಸೊರಸೊರ ಸಮನಾಯಿತು.

"ಈ ತಿರುಗಣೆ ಇರೋದಕ್ಕೆ ಆಯ್ತು" ಎಂದಳು. "ದೊಡ್ಡ ಪರದೇದು ಆಗಿದ್ರೆ ತಾನೇ ಹಾರಿ ಸ್ಟೇಷನ್ನಿನ ಮೇಲೆ ಕೂತುಬಿಡ್ತಿತ್ತು. ಮಧ್ಯದಲ್ಲಿ ನಿಲ್ಲೋಕೆ ಅದಕ್ಕೆ ಬರಲ್ಲ. ಅಲ್ವಾ ಅಣ್ಣ?"

ಹೆಂಡತಿ ಮುಂದಕ್ಕೆ ಬಾಗಿ ನೋಡಿದಳು. ಅವನ ತಲೆ ಕಿಟಕಿಯ ಕಡೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ಎರಡೂ ಕೈ ಮಡಿಲಿನ ಪೆಟ್ಟಿಗೆಯನ್ನು ಸುತ್ತಿಕೊಂಡಿದ್ದವು. ಅವಳು ಬೆರಳನ್ನು ತುಟಿಗೆ ಒತ್ತಿ, ಒಡತಿಯ ಮೊಣಕೈ ಹಿಡಿದು, ಹಿಂದಿನ ಬಾಗಿಲನ್ನು ತೆರೆದಳು. ಇಬ್ಬರೂ ಒಂದೊಂದೇ ಕಾಲು ಹೊರಗಿಟ್ಟು ಇಳಿದರು. ಬಾಗಿಲನ್ನು ಮುಚ್ಚಲಿಲ್ಲ, ಮುಚ್ಚಿದರೆ ಸದ್ದಾಗುತ್ತಿತ್ತು.

ಸ್ವಲ್ಪ ದೂರದ ಇಟ್ಟಿಗೆ ರಾಶಿಯ ಮೇಲೆ ಮೂವರೂ ಕೂತರು.

"ಮಲಗಿದ್ರಾ?" ಭಾವಮೈದುನ ಪಿಸುಗುಟ್ಟಿದ.

ಅಕ್ಕ ಹೌದೆಂದು ತಲೆಯಾಡಿಸಿದಳು. "ಇದೇ ಇರಲಿ" ಎಂದಳು ಒಡತಿಗೆ.

"ಸರಿ. ಸ್ಕ್ರೂ ಹಾಕಿಕೊಡಬೇಕಲ್ಲ."

"ನಾಳೆ."

"ನನ್ನ ಚೀಲ ಒಳಗಿದೆ ಅಕ್ಕಾ."

"ನಾಳೆ ಕೊಡ್ತೀನಿ."

"ಅಂಗಡಿ ಬೀಗದ ಕೈ, ಮೊಬೈಲು, ಮನೆ ಬೀಗದ ಕೈ ಎಲ್ಲಾ ಅದರಲ್ಲೇ ಇದೆ."

"ನಾನು ಮೆತ್ತಗೆ ಹೋಗಿ ತರ್ಲಾ?" ಎಂದ ಭಾವಮೈದುನ ಏಳುತ್ತಾ.

"ಕಾರಿನ ಹತ್ರ ಹೋದ್ಯೋ, ಕಾಲು ಮುರೀತೀನಿ" ಎಂದಳು ಅಕ್ಕ. ಪಿಸುದನಿಯಲ್ಲಿ ಹೇಳಿದ್ದರಿಂದ ಅದು ಇನ್ನೂ ಭಯಂಕರವಾಗಿ ಕೇಳಿಸಿತು. ಅವನು ಕೂತ.

ಒಡತಿ ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಆಯ್ತು ಬಿಡಿ. ಏಳೋವರೆಗೂ ಇರೋಣ. ಬ್ಯಾಟರಿ ತಾಳುತ್ತೆ. ಆ ಸೆಟ್ಟು ಬಹಳ ಕಡಿಮೆ ತಿನ್ನುತ್ತೆ." ಆಮೇಲೆ ಗಂಭೀರವಾಗಿ, "ನಾಳೆ ನಿಂತು ಕೂರಿಸಿಕೊಡ್ತೀನಿ. ಆಂಟೆನಾ ವೈರು ಹೊಸದು ಹಾಕ್ತೀನಿ. ಅವರು ಕೆಲಸಕ್ಕೆ ಹೋಗಲಿ" ಎಂದಳು.

ತೆರೆದಿದ್ದ ಬಾಗಿಲಿನಿಂದ ಸದ್ದು ಬಯಲಿಗೆ ಹರಿದು ಬರುತ್ತಿತ್ತು. ಕತ್ತಲು ಪೂರ್ತಿ ಇಳಿದಿರಲಿಲ್ಲ. ತುಂಬ ದೂರದಲ್ಲಿ, ನೆಲ ಮುಗಿಯುವ ಕಡೆ, ಹಗಲಿನಲ್ಲಿ ಕಾಣದಿದ್ದ ಒಂದು ಮೋಡದ ರಾಶಿ ಈಗ ಅಂಗೈ ಎತ್ತರಕ್ಕೆ ಕಂಡಿತು. ಅದರೊಳಗೆ ಒಮ್ಮೆ ಬೆಳಕು ಮಿನುಗಿತು.

ಅದೇ ಕ್ಷಣ ಕಾರಿನೊಳಗೆ ಚಟ್ ಎಂದಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಮೋಡ ಮಿನುಗಿತು. ಮಿನುಗುವುದಕ್ಕೂ ಕಾರು ಚಟ್ ಎನ್ನುವುದಕ್ಕೂ ನಡುವೆ ಕಣ್ಣು ರೆಪ್ಪೆ ಹಾಕುವಷ್ಟೂ ಅಂತರವಿರಲಿಲ್ಲ. ಒಡತಿ ಅಕ್ಕನ ಕೈಯನ್ನು ಹಿಡಿದುಕೊಂಡಳು. ಹಿಡಿದದ್ದು ಅವಳಿಗೆ ಗೊತ್ತಾದಂತೆ ಕಾಣಲಿಲ್ಲ. ಇಷ್ಟು ಹೊತ್ತು ಯಾರದೋ ದೇಶದ್ದಾಗಿದ್ದ ಸದ್ದಿನ ಒಂದು ತುಣುಕು ಈಗ ಕಣ್ಣ ಮುಂದೆ ಹುಟ್ಟುತ್ತಿತ್ತು.

"ಗುಡುಗು ಬಂದ್ರೆ ಎದ್ದುಬಿಡ್ತಾರೆ" ಎಂದ ಭಾವಮೈದುನ.

ಕಾದರು. ಮೋಡ ಉರಿಯಿತು, ಆರಿತು, ಉರಿಯಿತು. ಪ್ರತಿ ಸಲವೂ ಕಾರು ಸಣ್ಣಗೆ ಸಿಡಿಯಿತು. ಗುಡುಗಿಗಾಗಿ ಮೂವರೂ ಕಿವಿ ಚುರುಕು ಮಾಡಿ ಕೂತರು. ಆ ಮೋಡ ಗುಡುಗು ತಲುಪಲಾಗದಷ್ಟು ದೂರದಲ್ಲಿತ್ತು. ಗುಡುಗು ಬರಲೇ ಇಲ್ಲ. ಮುಂದಿನ ಸೀಟಿನಲ್ಲಿ ಕಿವಿರಾಯನ ಎದೆ ಏರಿಳಿಯುತ್ತಿತ್ತು.